ಮೂವತ್ತೆಂಟು ಎಂದರೆ ಯಾವ ಮೂವತ್ತೆಂಟು?



ಕಾಯಿಕೊರಕ, ಕೊಳೆರೋಗ, ಗೋಣಿಚೀಲದ ದರ, ಬೆಳೆಸಾಲದ ಕಂತು ಇವುಗಳನ್ನು ಕುರಿತು ಈ ಪುಟಗಳಲ್ಲಿ ಬರೆಯುವುದು ನಮ್ಮ ವಾಡಿಕೆ. ಈ ಸಲ ವಾಡಿಕೆ ತಪ್ಪಿಸಿ ರಿವಾಲ್ವರಿನ ತೋಟಾಗಳ ವಿಷಯ ಬರೆಯುತ್ತಿದ್ದೇವೆ. ಇದಕ್ಕೆ ಕಾರಣವಾದ ಪ್ರಸಂಗವನ್ನು ಮೊದಲು ತಿಳಿಸುವುದು ಒಳ್ಳೆಯದು.

ಕಾಫಿ ಕುಯ್ಲು ಮುಗಿದು ಕಚೇರಿಯಲ್ಲಿ ಸ್ವಲ್ಪ ಬಿಡುವಾಗಿದ್ದ ಒಂದು ಮಧ್ಯಾಹ್ನ, ಕೆಲವು ತಿಂಗಳ ಹಿಂದೆ ತೀರಿಕೊಂಡ ನಮ್ಮ ಹಿರಿಯ ಸದಸ್ಯರೊಬ್ಬರ ಮಗಳು ಬಂದರು. ತಂದೆಯವರ ಷೇರು ತಮ್ಮ ಹೆಸರಿಗೆ ಆಗಬೇಕೆಂಬ ಅರ್ಜಿ ಕೊಟ್ಟ ಮೇಲೆ ಚೀಲದಿಂದ ಒಂದು ಹಳೆಯ ಹಾರ್ಲಿಕ್ಸ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ತೋಟಾಗಳು. ಸುರುವಿ ಎಣಿಸಿದರೆ 43 ಇದ್ದವು.

"ಅಂಕಲ್, ಅಪ್ಪನ ಬೀರುವಿನಲ್ಲಿ ಸಿಕ್ಕಿತು. ರಿವಾಲ್ವರ್ ಚುನಾವಣೆ ಸಮಯದಲ್ಲಿ ಠಾಣೆಯಲ್ಲಿ ಇಟ್ಟದ್ದು, ವಾಪಸು ತರುವ ಮೊದಲೇ ಅಪ್ಪ ಹೋದರು. ರಸೀದಿಯಲ್ಲಿ ಮೂವತ್ತೆಂಟು ಅಂತ ಬರೆದಿದೆ. ಇದರಲ್ಲಿ ಅದರದ್ದು ಯಾವುದು? ಲೈಸೆನ್ಸ್ ನನ್ನ ಹೆಸರಿಗೆ ಆದ ಮೇಲೆ ರೇಂಜಿನಲ್ಲಿ ಇವನ್ನೇ ಹೊಡೆಯಬಹುದಾ?"

ಪ್ರಶ್ನೆ ಸರಳವಾಗಿಯೇ ಇತ್ತು. ಆದರೆ ಉತ್ತರ ಹುಡುಕಲು ನಮಗೆ ಆ ಮಧ್ಯಾಹ್ನವೆಲ್ಲ ಬೇಕಾಯಿತು. ನಮ್ಮ ಭಾಗದ ಬಹಳಷ್ಟು ಮನೆಗಳಲ್ಲಿ ಇಂಥದೊಂದು ಬಾಟಲಿಯೋ ತಂಬಾಕಿನ ಡಬ್ಬಿಯೋ ಇದ್ದೇ ಇದೆ ಎಂಬುದು ನಮಗೆ ಗೊತ್ತು. ಆದ್ದರಿಂದ ಆ ದಿನ ಮಾಡಿದ್ದನ್ನು, ಮಾಡಬಾರದಾಗಿದ್ದು ಮಾಡಿದ್ದನ್ನೂ ಸೇರಿಸಿ, ಇಲ್ಲಿ ವಿವರಿಸುತ್ತೇವೆ.

ತೋಟಾದ ನಾಲ್ಕು ಅಂಗಗಳು

ಕೇಪಿನ ಕೋವಿಯನ್ನು ಕಂಡವರಿಗೆ ತೋಟಾ ಅರ್ಥವಾಗುವುದು ಸುಲಭ. ಅಲ್ಲಿ ಮದ್ದು, ಗುಂಡು, ಕೇಪು ಎಲ್ಲವನ್ನೂ ಬೇರೆ ಬೇರೆಯಾಗಿ ತುಂಬಬೇಕು. ತೋಟಾದಲ್ಲಿ ಈ ಮೂರನ್ನೂ ಹಿತ್ತಾಳೆಯ ಒಂದು ಚಿಪ್ಪಿನೊಳಗೆ ಒಟ್ಟುಗೂಡಿಸಿರುತ್ತಾರೆ. ಚಿಪ್ಪಿನ ಬಾಯಲ್ಲಿ ಗುಂಡು, ಹೊಟ್ಟೆಯಲ್ಲಿ ಮದ್ದು, ತಳದ ನಡುವೆ ಕೇಪು. .22ರ ಚಿಕ್ಕ ತೋಟಾದಲ್ಲಿ ಮಾತ್ರ ನಡುವೆ ಕೇಪು ಕಾಣಿಸದು. ಅದರಲ್ಲಿ ಸಿಡಿಯುವ ವಸ್ತುವನ್ನು ತಳದ ಅಂಚಿನೊಳಗೇ ಸುತ್ತಲೂ ತುಂಬಿರುತ್ತಾರೆ.

ರಿವಾಲ್ವರಿನ ತೋಟಾಕ್ಕೆ ತಳದಲ್ಲಿ ಹೊರಚಾಚಿದ ಅಂಚು ಇರುತ್ತದೆ. ಸಿಲಿಂಡರಿನ ಗೂಡಿನೊಳಗೆ ತೋಟಾ ಜಾರಿಹೋಗದಂತೆ ಈ ಅಂಚೇ ತಡೆಯುವುದು. ಮ್ಯಾಗಜೀನ್ ಇರುವ ಪಿಸ್ತೂಲಿನ ತೋಟಾಗಳಲ್ಲಿ ಸಾಮಾನ್ಯವಾಗಿ ಅಂಚು ಹೊರಚಾಚಿರುವುದಿಲ್ಲ, ಬದಲಿಗೆ ತಳದ ಮೇಲೆ ಒಂದು ಕಾಲುವೆ ಕೊರೆದಿರುತ್ತದೆ. ಬೆರಳ ತುದಿಯಿಂದ ಸವರಿದರೂ ಈ ವ್ಯತ್ಯಾಸ ತಿಳಿಯುತ್ತದೆ. ವಿಂಗಡಣೆಯ ಮೊದಲ ಹೆಜ್ಜೆ ಇದು.

ಹೆಸರನ್ನು ನಂಬಬಾರದು

ತೊಡಕೆಲ್ಲ ಇರುವುದು ಹೆಸರಿನಲ್ಲಿ. .38 ಎಂದರೆ ಒಂದು ಅಂಗುಲದ ನೂರರಲ್ಲಿ 38 ಭಾಗ. ಇದು ಗುಂಡಿನ ದಪ್ಪ ಎಂದು ಯಾರಾದರೂ ತಿಳಿಯುತ್ತಾರೆ. ಆದರೆ .38 ಎಂಬ ಹೆಸರಿನ ಯಾವ ಸಾಮಾನ್ಯ ತೋಟಾದ ಗುಂಡೂ ಅಷ್ಟು ದಪ್ಪವಿಲ್ಲ. ಅಮೆರಿಕದಲ್ಲಿ ಹಿಂದೆ ಗುಂಡು ಮತ್ತು ಚಿಪ್ಪು ಒಂದೇ ದಪ್ಪ ಇದ್ದ ಕಾಲದಲ್ಲಿ ಹುಟ್ಟಿದ ಹೆಸರು ಅದು. ಆಮೇಲೆ ಗುಂಡು ಚಿಪ್ಪಿನೊಳಗೆ ಕೂರುವಷ್ಟು ಸಣ್ಣದಾಯಿತು, ಹೆಸರು ಹಾಗೇ ಉಳಿಯಿತು. ಒಂದೇ ಹೆಸರಿನಲ್ಲಿ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಉದ್ದದ ತೋಟಾಗಳನ್ನು ಹೊರಡಿಸಿದ್ದರಿಂದ ಗೊಂದಲ ಇನ್ನೂ ಹೆಚ್ಚಿತು.

ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಎಂದು ಬೇರೆ ಬೇರೆ ಹೆಸರುಗಳಿವೆ. ಬರೀ "ಅಡಿಕೆ" ಎಂದು ಯಾವ ಮಂಡಿಯಲ್ಲೂ ವ್ಯಾಪಾರ ಕುದುರದು. ತೋಟಾದ ವಿಷಯದಲ್ಲಿ ಮಾತ್ರ ನಾವು "ಮೂವತ್ತೆಂಟು", "ಮೂವತ್ತೆರಡು" ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ನಮ್ಮ ಮನೆಗಳಲ್ಲಿ ಕಾಣಸಿಗುವ ಮುಖ್ಯ ಜಾತಿಗಳು ಇವು. ಕೊಟ್ಟಿರುವ ಉದ್ದವು ಚಿಪ್ಪಿನದು, ಅಂದರೆ ತಳದಿಂದ ಹಿತ್ತಾಳೆಯ ಬಾಯಿಯವರೆಗೆ. ಮುಂದೆ ಚಾಚಿದ ಗುಂಡನ್ನು ಸೇರಿಸಿಲ್ಲ.

ಮೂವತ್ತೆರಡರ ಕುಟುಂಬ: .32 ಸ್ಮಿತ್ ಅಂಡ್ ವೆಸ್ಸನ್ ಎಂಬ ಗಿಡ್ಡ ತೋಟಾ, ಸುಮಾರು 15.4 ಮಿ.ಮೀ. .32 ಸ್ಮಿತ್ ಅಂಡ್ ವೆಸ್ಸನ್ ಲಾಂಗ್, ಸುಮಾರು 23.4 ಮಿ.ಮೀ. ಇದು 1896ರಲ್ಲಿ ಬಂದದ್ದು. ಕಾನಪುರದ ಸರಕಾರಿ ಕಾರ್ಖಾನೆಯ ರಿವಾಲ್ವರುಗಳಿಗೆ, 2014ರಲ್ಲಿ ಅಲ್ಲಿಂದಲೇ ಹೊರಬಂದ ಹಗುರ 'ನಿರ್ಭೀಕ್' ರಿವಾಲ್ವರಿಗೆ ಕೂಡ, ಇದೇ ತೋಟಾ. ಮೂರನೆಯದು .32 ಎ.ಸಿ.ಪಿ., ಸುಮಾರು 17.3 ಮಿ.ಮೀ. ಇದು ಪಿಸ್ತೂಲಿನದು. ಇದಕ್ಕೆ ಕಾಲುವೆಯೂ ಇದೆ, ಕೂದಲೆಳೆಯಷ್ಟು ಹೊರಚಾಚಿದ ಅಂಚೂ ಇದೆ. ಆ ಕೂದಲೆಳೆಯ ಅಂಚೇ ಮೋಸ ಮಾಡುವುದು. ಹೇಗೆಂದು ಮುಂದೆ ಹೇಳುತ್ತೇವೆ.

ಮೂವತ್ತೆಂಟರ ಕುಟುಂಬ: .38 ಸ್ಮಿತ್ ಅಂಡ್ ವೆಸ್ಸನ್, ಸುಮಾರು 19.7 ಮಿ.ಮೀ., 1877ರ ಸುಮಾರಿನದು. ಬ್ರಿಟಿಷ್ ಸೈನ್ಯ ಇದೇ ಚಿಪ್ಪಿಗೆ ಭಾರದ ಗುಂಡು ಕೂರಿಸಿ .380 ಎಂದು ಹೆಸರಿಟ್ಟಿತು. 1930ರ ದಶಕದಿಂದ ಅವರ ಎನ್‌ಫೀಲ್ಡ್ ಮತ್ತು ವೆಬ್ಲಿ ಸೈನಿಕ ರಿವಾಲ್ವರುಗಳಿಗೆ ಅದೇ ತೋಟಾ. ಎರಡನೆಯದು .38 ಸ್ಪೆಷಲ್, ಸುಮಾರು 29.3 ಮಿ.ಮೀ. ಮೂರನೆಯದು .357 ಮ್ಯಾಗ್ನಮ್, ಸುಮಾರು 32.8 ಮಿ.ಮೀ., 1930ರ ದಶಕದಲ್ಲಿ ಬಂದದ್ದು. ಇದರ ಹೆಸರಿನಲ್ಲಿ 38 ಇಲ್ಲದಿದ್ದರೂ ಗುಂಡಿನ ದಪ್ಪ ಸ್ಪೆಷಲ್ಲಿನದೇ. ಹೆಸರು ಬೇರೆ, ದಪ್ಪ ಒಂದೇ! .38 ಸ್ಮಿತ್ ಅಂಡ್ ವೆಸ್ಸನ್ ಮತ್ತು .38 ಸ್ಪೆಷಲ್ ಇವುಗಳಲ್ಲಾದರೋ ಹೆಸರು ಒಂದೇ, ದಪ್ಪ ಬೇರೆ. ಗಿಡ್ಡದರ ಚಿಪ್ಪು ಸುಮಾರು 9.8 ಮಿ.ಮೀ., ಸ್ಪೆಷಲ್ಲಿನದು ಸುಮಾರು 9.6 ಮಿ.ಮೀ.

.455 ವೆಬ್ಲಿ: ಇದನ್ನು ಯಾರೂ ಬೇರೆಯದೆಂದು ಭ್ರಮಿಸಲಾರರು. ಕಿರುಬೆರಳ ತುದಿಯಷ್ಟು ದಪ್ಪದ ಗುಂಡು, ಅದಕ್ಕೆ ಹೋಲಿಸಿದರೆ ತೀರ ಕುಳ್ಳಾದ ಚಿಪ್ಪು. ಮೊದಲನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ಇರುತ್ತಿದ್ದ ದೊಡ್ಡ ವೆಬ್ಲಿಯ ತೋಟಾ ಇದು.

ತಳದ ಬರಹ

ತೋಟಾವನ್ನು ತಲೆಕೆಳಗಾಗಿ ನಿಲ್ಲಿಸಿ ಭೂತಗನ್ನಡಿಯಲ್ಲಿ ತಳವನ್ನು ನೋಡಿದರೆ ಕೇಪಿನ ಸುತ್ತ ಅಕ್ಷರ ಅಂಕಿಗಳ ಮುದ್ರೆ ಕಾಣುತ್ತದೆ. ಪುಣೆಯ ಖಡ್ಕಿಯಲ್ಲಿರುವ ಸರಕಾರಿ ತೋಟಾ ಕಾರ್ಖಾನೆಯದಾದರೆ ಇಂಗ್ಲಿಷಿನ ಕೆ.ಎಫ್. ಎಂಬ ಎರಡು ಅಕ್ಷರ. ಊರಿನ ಹಳೆಯ ಹೆಸರು ಕಿರ್ಕಿ ಎಂಬುದರ ಗುರುತು ಅದು. ಬರೀ ಕೆ. ಎಂದೋ ಕೈನಾಕ್ ಎಂದು ಪೂರ್ತಿಯಾಗಿಯೋ ಇದ್ದರೆ ಬರ್ಮಿಂಗ್‌ಹ್ಯಾಮಿನ ಕೈನಾಕ್ ಕಂಪನಿ. ಆರ್-ಪಿ ಎಂದರೆ ಅಮೆರಿಕದ ರೆಮಿಂಗ್ಟನ್-ಪೀಟರ್ಸ್. ಡಬ್ಲ್ಯು-ಡಬ್ಲ್ಯು ಎಂದರೆ ವಿಂಚೆಸ್ಟರ್-ವೆಸ್ಟರ್ನ್.

ಸೈನ್ಯದ ತೋಟಾಗಳಲ್ಲಿ ಇಸವಿಯ ಕೊನೆಯ ಎರಡು ಅಂಕಿ, ಮಾದರಿಯ ಸಂಖ್ಯೆ ಇರುತ್ತವೆ. ಬ್ರಿಟಿಷ್ ಪದ್ಧತಿಯಲ್ಲಿ ಮಾದರಿ ಸಂಖ್ಯೆಯ ಪಕ್ಕದಲ್ಲಿ ಝಡ್ ಎಂಬ ಅಕ್ಷರವಿದ್ದರೆ ಒಳಗಿನ ಮದ್ದು ನೈಟ್ರೋಸೆಲ್ಯುಲೋಸ್ ಜಾತಿಯದು ಎಂದರ್ಥ. ವಾಣಿಜ್ಯ ತೋಟಾಗಳಲ್ಲಿ ಸಾಮಾನ್ಯವಾಗಿ ತೋಟಾದ ಹೆಸರನ್ನೇ ಮುದ್ರಿಸಿರುತ್ತಾರೆ. ಅಲ್ಲಿ .38 ಎಂಬ ಅಂಕಿಯ ನಂತರ ಏನಿದೆ ಎಂಬುದನ್ನು ಓದುವುದೇ ಮುಖ್ಯ. "ಸ್ಪೆಷಲ್" ಎಂದಿದೆಯೋ ಅದರ ಸಂಕ್ಷಿಪ್ತ ರೂಪವಿದೆಯೋ, ಅಥವಾ "ಎಸ್ ಅಂಡ್ ಡಬ್ಲ್ಯು" ಎಂದಷ್ಟೇ ಇದೆಯೋ? ಎರಡರ ನಡುವೆ ಸುಮಾರು ಹತ್ತು ಮಿಲಿಮೀಟರು ಉದ್ದದ ಅಂತರವಿದೆ.

ಮುದ್ರೆ ಓದಿದ ಮೇಲೂ ವರ್ನಿಯರ್ ಕ್ಯಾಲಿಪರಿನಿಂದ ಅಳೆದು ನೋಡಬೇಕು. ಓದಿದ್ದಕ್ಕೂ ಅಳೆದದ್ದಕ್ಕೂ ತಾಳೆಯಾದರೆ ಮಾತ್ರ ಗುರುತು ಸಿಕ್ಕಿತು ಎನ್ನಬಹುದು. ತಾಳೆಯಾಗದಿದ್ದರೆ ಆ ತೋಟಾ ಬದಿಗೆ.

ಬಾಟಲಿಯ 43ನ್ನು ನಾವು ಹೀಗೆ ವಿಂಗಡಿಸಿದೆವು. .38ರ ಗಿಡ್ಡ ಜಾತಿ 17. .38 ಸ್ಪೆಷಲ್ 9. .32 ಲಾಂಗ್ 11. .32 ಎ.ಸಿ.ಪಿ. 4. .455 ಎರಡು. ಒಬ್ಬರ ಮನೆಯ ಒಂದೇ ಬಾಟಲಿಯಲ್ಲಿ ಐದು ಜಾತಿ. ಇದ್ದ ರಿವಾಲ್ವರ್ ಒಂದೇ.

ಆಯುಧದ ಮೇಲಿನ ಗುರುತು

ತೋಟಾ ತಿಳಿದರೆ ಅರ್ಧ ಕೆಲಸವಾಯಿತು. ಉಳಿದರ್ಧ ಆಯುಧದ್ದು. ರಸೀದಿಯಲ್ಲಿ .38 ಎಂದಿದ್ದರೆ ಅದು ಮೇಲಿನ ಯಾವುದೂ ಆಗಬಹುದು. ಬ್ರಿಟನ್ನಿನಲ್ಲಿ ಪರೀಕ್ಷೆಯಾಗಿ ಖಾಸಗಿ ಮಾರಾಟಕ್ಕೆ ಬಂದ ಅನೇಕ ಹಳೆಯ ರಿವಾಲ್ವರುಗಳ ನಳಿಗೆಯ ಮೇಲೆ .38 ಎಂಬುದರ ಪಕ್ಕದಲ್ಲಿ .767 ಎಂದೂ, 3½ ಟನ್ ಎಂದೂ ಕೊರೆದಿರುತ್ತದೆ. .767 ಎಂಬುದು ಚಿಪ್ಪಿನ ಉದ್ದ, ಅಂಗುಲದಲ್ಲಿ. ಮಿಲಿಮೀಟರಿಗೆ ತಿರುಗಿಸಿದರೆ 19.5. ಅಂದರೆ ಇದು ಗಿಡ್ಡ ತೋಟಾದ ಆಯುಧ. 3½ ಟನ್ ಎಂಬುದು ಒತ್ತಡದ ಲೆಕ್ಕ.

ಆದರೆ ಈ ಗುರುತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಗತೆ ರಿವಾಲ್ವರುಗಳನ್ನು ಕೊಂಡ ವ್ಯಾಪಾರಿಗಳು, ಗಿಡ್ಡ ತೋಟಾದ ಗೂಡನ್ನು ಉದ್ದಕ್ಕೆ ಕೊರೆದು, .38 ಸ್ಪೆಷಲ್ ಹಿಡಿಸುವಂತೆ ಮಾಡಿ ಮಾರಿದ್ದುಂಟು. ಇಂಥ ಗೂಡಿನ ಹಿಂಭಾಗ ಸ್ಪೆಷಲ್ಲಿಗೆ ಅಗಲ ಹೆಚ್ಚು. ಹೊಡೆದಾಗ ಚಿಪ್ಪು ಉಬ್ಬಿ ಸೀಳುತ್ತದೆ. ಅಮೆರಿಕದಲ್ಲಿ .455 ವೆಬ್ಲಿಗಳ ಸಿಲಿಂಡರನ್ನು ಹಿಂದಿನಿಂದ ತರಿದು ಬೇರೆ ಪಿಸ್ತೂಲಿನ ತೋಟಾ ಹಾಕುವಂತೆ ಮಾಡಿದ್ದೂ ಇದೆ. ಕೊರೆದ ಅಕ್ಷರ ಹಳೆಯದೇ ಇರುತ್ತದೆ, ಒಳಗೆ ಮಾತ್ರ ಆಯುಧ ಬೇರೆಯಾಗಿರುತ್ತದೆ. ಆದ್ದರಿಂದ ಪರವಾನಗಿ ಪಡೆದ ಕೋವಿ ರಿಪೇರಿಯವರು ಗೂಡನ್ನು ಅಳೆದು ಹೇಳುವವರೆಗೆ ತೀರ್ಮಾನ ಬೇಡ.

"ಗೂಡಿನೊಳಗೆ ಸಲೀಸಾಗಿ ಕೂರುತ್ತದಲ್ಲ, ಅಂದಮೇಲೆ ಸರಿ" ಎಂಬ ವಾದವನ್ನು ಅನೇಕರ ಬಾಯಲ್ಲಿ ಕೇಳಿದ್ದೇವೆ. ಇದು ಅತ್ಯಂತ ಅಪಾಯದ ಮಾತು. ಮ್ಯಾಗ್ನಮ್ ರಿವಾಲ್ವರಿನಲ್ಲಿ .38 ಸ್ಪೆಷಲ್ ಕೂರುತ್ತದೆ, ಹೊಡೆಯಲೂಬಹುದು, ಅದು ನಿಜ. ಆದರೆ ಒತ್ತಡದ ಗರಿಷ್ಠ ಮಿತಿ ಸ್ಪೆಷಲ್ಲಿಗೆ ಚದರ ಅಂಗುಲಕ್ಕೆ 17,000 ಪೌಂಡು, ಮ್ಯಾಗ್ನಮ್ಮಿಗೆ 35,000 ಪೌಂಡು. ಮ್ಯಾಗ್ನಮ್ ಚಿಪ್ಪನ್ನು ಮೂರೂವರೆ ಮಿಲಿಮೀಟರು ಉದ್ದ ಮಾಡಿದ್ದೇ, ಅದು ಸ್ಪೆಷಲ್ಲಿನ ಗೂಡಿನಲ್ಲಿ ಕೂರದಿರಲಿ ಎಂದು. ಯಾರೋ ಕೊರೆದು ಸಡಿಲ ಮಾಡಿದ ಹಳೆಯ ಗೂಡಿಗೆ ಈ ಕಾವಲು ಇರುವುದಿಲ್ಲ.

ನಮ್ಮದೇ ಒಂದು ತಪ್ಪು

ಉಪದೇಶ ಮಾಡುವವರು ತಮ್ಮ ಕಥೆಯನ್ನೂ ಹೇಳಬೇಕು. ಕಾಲೇಜಿನಲ್ಲಿ ಓದುತ್ತಿದ್ದ ನಾವು ರಜೆಯಲ್ಲಿ ಊರಿಗೆ ಬಂದಿದ್ದೆವು. ತಂದೆಯವರಿಗೆ ಪರವಾನಗಿಯ .32 ರಿವಾಲ್ವರ್ ಇತ್ತು. ಅವರು ಪೇಟೆಗೆ ಹೋಗಿದ್ದಾಗ ಬೀಗದ ಕೈ ಹುಡುಕಿ ತೆಗೆದೆವು. ಮೊದಲ ಅಪರಾಧ ಅದೇ. ಸ್ನೇಹಿತನೊಬ್ಬ ತನ್ನ ಚಿಕ್ಕಪ್ಪನ ಪಿಸ್ತೂಲಿನ ನಾಲ್ಕು ತೋಟಾ ಕೊಟ್ಟಿದ್ದ. ಡಬ್ಬಿಯ ಮೇಲೆ .32 ಎಂದಿತ್ತು. ಮೂವತ್ತೆರಡಕ್ಕೆ ಮೂವತ್ತೆರಡು, ಗೂಡಿನಲ್ಲಿ ಕೂತಿತು ಕೂಡ. ಆ ಕೂದಲೆಳೆಯ ಅಂಚು ಜಾರದಂತೆ ತಡೆದಿತ್ತು. ಕಣದ ಅಂಚಿನ ಬರೆಗೆ ಒಂದು ತಗಡಿನ ಡಬ್ಬಿ ಇಟ್ಟು ಹೊಡೆದೆವು. ಸದ್ದು ಎಂದಿನದಕ್ಕಿಂತ ಹರಿತವಾಗಿತ್ತು. ಎರಡನೆಯ ಸಲ ಟ್ರಿಗರ್ ಎಳೆಯಲು ಹೋದರೆ ಸಿಲಿಂಡರ್ ತಿರುಗಲೊಲ್ಲದು. ಸಿಡಿದ ತೋಟಾದ ಕೇಪು ಹಿಂದಕ್ಕೆ ಸರಿದು ಕಚ್ಚಿಕೊಂಡಿತ್ತು.

ತಂದೆಯವರು ಬಂದು ನೋಡಿದರು. ಬೈಯಲಿಲ್ಲ. ನಳಿಗೆಯನ್ನು ನೆಲದ ಕಡೆಗೆ ಹಿಡಿದು, ನಿಧಾನವಾಗಿ ಸಿಲಿಂಡರ್ ಬಿಡಿಸಿ, ಚಿಪ್ಪುಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. "ಚೀಲದ ಮೇಲೆ ರೋಬಸ್ಟಾ ಅಂತ ಬರೆದಿದ್ದರೆ ಒಳಗಿರೋದು ರೋಬಸ್ಟಾನೇ ಅಂತ ನಿನಗೆ ಯಾರು ಹೇಳಿದ್ರು? ಬಾಯಿ ಬಿಚ್ಚಿ ನೋಡೋದಿಲ್ವಾ?" ಎಂದಷ್ಟೇ ಕೇಳಿದರು. ಪಿಸ್ತೂಲಿನ ಆ ಸಣ್ಣ ತೋಟಾದ ಒತ್ತಡ ಹಳೆಯ .32 ರಿವಾಲ್ವರಿನ ತೋಟಾದ್ದಕ್ಕಿಂತ ಹೆಚ್ಚು ಎಂಬುದು ನಮಗೆ ಆಮೇಲೆ ತಿಳಿಯಿತು. ಬೆರಳು ಹತ್ತೂ ಉಳಿದದ್ದು ಆ ಆಯುಧ ಮಾಡಿದವರ ಪುಣ್ಯದಿಂದ.

ಹಳೆಯ ತೋಟಾ, ನಮ್ಮ ಮಳೆಗಾಲ

ಜಾತಿ ಸರಿಯಾಗಿದ್ದರೂ ವಯಸ್ಸಾದ ತೋಟಾವನ್ನು ನಂಬಬಾರದು. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿ ವರ್ಷಗಟ್ಟಲೆ ಬಿಟ್ಟ ತೋಟಾದ ಮೇಲೆ ಮೈಲುತುತ್ತದ ಬಣ್ಣದ ಕಿಲುಬು ಏಳುತ್ತದೆ. ಚರ್ಮದೊಳಗಿನ ಆಮ್ಲ ಹಿತ್ತಾಳೆಯನ್ನು ತಿನ್ನುವುದರಿಂದ ಆಗುವುದು ಅದು. ತುಕ್ಕು ಬಾರದಿರಲಿ ಎಂದು ಎಣ್ಣೆ ಸವರುವವರಿದ್ದಾರೆ. ಎಣ್ಣೆ ಕೇಪಿನ ಸಂದಿಯಲ್ಲಿ ಇಳಿದು ಅದನ್ನು ಕೊಲ್ಲುತ್ತದೆ.

ಇನ್ನೊಂದು ಸಂಗತಿ ನಮ್ಮಂಥ ಬೆಳೆಗಾರರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಬ್ರಿಟಿಷರ ಕಾಲದಲ್ಲಿ ಭಾರತದ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ದಾಸ್ತಾನು ಮಾಡುತ್ತಿತ್ತು. ಮಳೆ ಮುಗಿದು ತೆಗೆದರೆ ಹಿತ್ತಾಳೆಯ ಚಿಪ್ಪುಗಳು ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಕಾರಣ ಬಹುಕಾಲ ತಿಳಿಯಲಿಲ್ಲ. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ತಯಾರಿಕೆಯಲ್ಲಿ ಎಳೆತಕ್ಕೆ ಒಳಗಾದ ಹಿತ್ತಾಳೆಯನ್ನು ಸೀಳುತ್ತದೆ ಎಂದು 1921ರಲ್ಲಿ ಬ್ರಿಟನ್ನಿನ ಲೋಹತಜ್ಞರು ವಿವರಿಸಿದರು. ಕೊಟ್ಟಿಗೆಯ ಅಟ್ಟದಲ್ಲೋ ಯೂರಿಯಾ ಮೂಟೆಗಳಿರುವ ಗೊಬ್ಬರದ ಕೋಣೆಯಲ್ಲೋ ತೋಟಾ ಇಡುವವರು ಇದನ್ನು ನೆನಪಿಡಬೇಕು. ಅಮೋನಿಯಾ ಇರುವ ಹಿತ್ತಾಳೆ ಪಾಲಿಷಿನಿಂದ ಉಜ್ಜುವುದೂ ಕೂಡದು.

ಕೆಟ್ಟ ತೋಟಾ ಮೂರು ರೀತಿಯಲ್ಲಿ ಕಾಡುತ್ತದೆ. ಒಂದು, ಸಿಡಿಯದೆ ಇರುವುದು. ಎರಡು, ತಡವಾಗಿ ಸಿಡಿಯುವುದು. ಟಿಕ್ ಎಂದು ಸದ್ದಾಗಿ ಏನೂ ಆಗದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಬೇಕು. ರಿವಾಲ್ವರಿನಲ್ಲಿ ಕೂಡಲೇ ಇನ್ನೊಮ್ಮೆ ಟ್ರಿಗರ್ ಎಳೆದರೆ ಸಿಲಿಂಡರ್ ತಿರುಗಿ, ಒಳಗೇ ಉರಿಯುತ್ತಿರುವ ತೋಟಾ ನಳಿಗೆಯ ನೇರ ತಪ್ಪಿದ ಜಾಗದಲ್ಲಿ ಸಿಡಿಯಬಹುದು. ಮೂರನೆಯದು ಇನ್ನೂ ಮೋಸದ್ದು. ಮದ್ದು ಪೂರ್ತಿ ಉರಿಯದೆ, ಕೇಪಿನ ಬಲದಿಂದಲೇ ಗುಂಡು ನಳಿಗೆಯ ನಡುವಿನವರೆಗೆ ಹೋಗಿ ಸಿಕ್ಕಿಕೊಳ್ಳುವುದು. 'ಪುಸ್' ಎಂಬ ಸಣ್ಣ ಸದ್ದಷ್ಟೇ ಕೇಳಿಸುತ್ತದೆ. ಆಗ ಮುಂದಿನ ತೋಟಾ ಹೊಡೆದರೆ ನಳಿಗೆಯೇ ಉಬ್ಬಿ ಒಡೆಯುತ್ತದೆ.

ರೇಂಜಿನ ಆಟ

ಆ ಮಗಳಿಗೆ ಗುರಿ ಹೊಡೆಯುವ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದ ಮೇಲೆ ಎಷ್ಟೋ ಮನೆಗಳ ಮಕ್ಕಳು ರೇಂಜಿನ ದಾರಿ ಕೇಳುತ್ತಿದ್ದಾರೆ. ಅವರ ತರಬೇತುದಾರ ಜಸ್ಪಾಲ್ ರಾಣಾ 1994ರ ಹಿರೋಷಿಮಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದದ್ದು 25 ಮೀಟರ್ ಸೆಂಟರ್ ಫೈರ್ ಪಿಸ್ತೂಲಿನಲ್ಲಿ. ನಮ್ಮ ಬೀರುಗಳಲ್ಲಿರುವ .32 ಲಾಂಗ್ ತೋಟಾಕ್ಕೂ ಈ ಸ್ಪರ್ಧೆಗೂ ನೇರ ಸಂಬಂಧವಿದೆ. ಇದರಲ್ಲಿ 7.62ರಿಂದ 9.65 ಮಿ.ಮೀ.ವರೆಗಿನ ಗುಂಡಿಗೆ ಅವಕಾಶವಿದ್ದು, ಹೆಚ್ಚಿನ ಸ್ಪರ್ಧಿಗಳು ಆರಿಸಿಕೊಳ್ಳುವುದು .32 ಲಾಂಗನ್ನೇ. ಒದೆತ ಕಡಿಮೆ, ನಿಖರತೆ ಹೆಚ್ಚು. ಅದರ ಗುಂಡಿನ ಮೂತಿ ಚಪ್ಪಟೆ, ಚಿಪ್ಪಿನ ಬಾಯಿಗೆ ಸಮನಾಗಿ ಕೂತಿರುತ್ತದೆ. ಕಾಗದದ ಗುರಿಯಲ್ಲಿ ಅಚ್ಚುಕಟ್ಟಾದ ದುಂಡು ತೂತು ಬೀಳುವುದರಿಂದ ಅಂಕ ಎಣಿಸುವುದು ಸುಲಭ.

ಒಟ್ಟು 60 ಹೊಡೆತ. ಮೊದಲ 30 ನಿಧಾನದ್ದು, ಐದು ಹೊಡೆತಕ್ಕೆ ಐದು ನಿಮಿಷ. ಉಳಿದ 30ರಲ್ಲಿ ಗುರಿ ಮೂರು ಸೆಕೆಂಡು ಮಾತ್ರ ಕಾಣಿಸಿ ಏಳು ಸೆಕೆಂಡು ಮರೆಯಾಗುತ್ತದೆ. ಕಾಣಿಸಿದಾಗಲೆಲ್ಲ ಒಂದೇ ಹೊಡೆತ. ಕೈ ಪ್ರತಿಸಲವೂ ಕೆಳಗಿನಿಂದ ಏಳಬೇಕು. ಇದು ಉಸಿರಿನ ಹಾಗೂ ಬೆರಳಿನ ಶಿಸ್ತಿನ ಆಟ. ಕೈಲ್ ಪೊಳ್ದಿನಂದು ತೆಂಗಿನಕಾಯಿಗೆ ಗುರಿ ಹೊಡೆಯುವುದನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ ಇದು ಒಗ್ಗದ ವಿದ್ಯೆಯೇನಲ್ಲ. ಆದರೆ ಕಲಿಯಬೇಕಾದದ್ದು ಮಾನ್ಯತೆ ಪಡೆದ ಕ್ಲಬ್ಬಿನಲ್ಲಿ, ಮೊದಲು ಗಾಳಿ ಪಿಸ್ತೂಲಿನಿಂದ, ಆಮೇಲೆ .22ರಿಂದ. ಅಜ್ಜನ ವೆಬ್ಲಿಯಿಂದಲ್ಲ, ಬೀರುವಿನ ತೋಟಾದಿಂದ ಖಂಡಿತ ಅಲ್ಲ.

ಕಾನೂನಿನ ಮಾತು

ತೋಟಾ ಗುರುತಿಸುವುದು ಕೇವಲ ಜಾಗರೂಕತೆಯ ವಿಷಯವಲ್ಲ. ಶಸ್ತ್ರಾಸ್ತ್ರ ನಿಯಮಗಳಲ್ಲಿ, .380 ಅಥವಾ .455ರ ಅಂಚುಳ್ಳ ತೋಟಾವನ್ನು ತುಂಬಿ ಹೊಡೆಯಬಲ್ಲ ಯಾವುದೇ ರಿವಾಲ್ವರನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿದ್ದಾರೆ. ಆ ವರ್ಗಕ್ಕೆ ಪರವಾನಗಿ ಕೊಡುವ ಅಧಿಕಾರ ಕೇಂದ್ರ ಗೃಹ ಮಂತ್ರಾಲಯದ್ದು, ಜಿಲ್ಲಾಧಿಕಾರಿಗಳದ್ದಲ್ಲ. .32 ರಿವಾಲ್ವರಿಗೆ ಈ ತೊಡಕಿಲ್ಲ. ಆದ್ದರಿಂದ ಪತ್ರದಲ್ಲಿರುವ .38 ಎಂಬ ಎರಡಂಕಿ ಯಾವ ಜಾತಿಯದು ಎಂಬುದರ ಮೇಲೆ ಅರ್ಜಿ ಯಾವ ಬಾಗಿಲಿಗೆ ಹೋಗಬೇಕೆಂಬುದು ನಿಂತಿದೆ.

ಕೊಡಗಿನ ಸದಸ್ಯರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿ ವಿಧಿಗಳಿಂದ ವಿನಾಯಿತಿ ಇದೆ. 2019ರಲ್ಲಿ ಅದನ್ನು ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆದರೆ "ನಮಗೆ ವಿನಾಯಿತಿ ಇದೆ" ಎಂಬ ಒಂದೇ ಮಾತಿನ ಮೇಲೆ ನಿಲ್ಲಬೇಡಿ. ನಿಮ್ಮ ವಿನಾಯಿತಿ ಪತ್ರದಲ್ಲಿ ಯಾವ ಆಯುಧ ಬರೆದಿದೆ ಎಂಬುದನ್ನು ಬಿಡಿಸಿ ಓದಿ. ವಿನಾಯಿತಿ ಇಲ್ಲದ ಸದಸ್ಯರೂ ನಮ್ಮ ಸಂಘದಲ್ಲಿ ಬಹಳ ಮಂದಿ ಇದ್ದಾರೆ.

ಪರವಾನಗಿದಾರ ತೀರಿಕೊಂಡರೆ ಆತನ ಪರವಾನಗಿ ಮನೆಯವರನ್ನು ಕಾಯುವುದಿಲ್ಲ. ಇಟ್ಟುಕೊಳ್ಳುವ ಹಕ್ಕು ಇಲ್ಲದಾದ ಆಯುಧವನ್ನಾಗಲಿ ತೋಟಾವನ್ನಾಗಲಿ ತಡಮಾಡದೆ ಹತ್ತಿರದ ಠಾಣಾಧಿಕಾರಿಗೆ ಅಥವಾ ಪರವಾನಗಿ ಇರುವ ವ್ಯಾಪಾರಿಗೆ ಒಪ್ಪಿಸಬೇಕೆಂದು ಕಾಯ್ದೆಯ 21ನೆಯ ವಿಧಿ ಹೇಳುತ್ತದೆ. ಬರೀ ತೋಟಾ ಇದ್ದರೂ ಅಪರಾಧವೇ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡು ಆಯುಧ ಮಾತ್ರ. ಮದುವೆ ಹಬ್ಬಗಳ ಸಂಭ್ರಮದಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಷ್ಟನ್ನು ಬಲ್ಲವರೂ ಆ ಮಧ್ಯಾಹ್ನ ತೋಟಾಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿದ್ದೆವು! ಆಕೆ ಅವನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದದ್ದೂ ತಪ್ಪು, ನಾವು ಕುತೂಹಲದಿಂದ ಸುರುವಿಕೊಂಡದ್ದೂ ತಪ್ಪು. ವಿಂಗಡಣೆ ಮುಗಿದ ಮೇಲೆ ಇದು ನಮ್ಮ ತಲೆಗೆ ಹೊಳೆಯಿತು. ಕೂಡಲೇ ಠಾಣೆಗೆ ಫೋನು ಮಾಡಿ ತಿಳಿಸಿ, ಐದು ಜಾತಿಯ ಪಟ್ಟಿಯನ್ನು ಎರಡು ಪ್ರತಿ ಬರೆದು, ಆಕೆಯೊಡನೆ ನಾವೇ ಹೋಗಿ ಒಪ್ಪಿಸಿ ರಸೀದಿ ಪಡೆದೆವು. ಠಾಣಾಧಿಕಾರಿಗಳು ಸಜ್ಜನರು, ರಿವಾಲ್ವರನ್ನು ತರಿಸಿ ತೋರಿಸಿದರು. ನಳಿಗೆಯ ಮೇಲೆ .38, ಪಕ್ಕದಲ್ಲಿ .767. ಗಿಡ್ಡ ಜಾತಿಯೇ. ಒಂಬತ್ತು ಸ್ಪೆಷಲ್ ತೋಟಾಗಳು ಆ ಆಯುಧದ್ದಲ್ಲ. ಯಾರೋ "ಮೂವತ್ತೆಂಟು" ಎಂದು ಕೊಟ್ಟಿರಬೇಕು, ಅವರು "ಮೂವತ್ತೆಂಟು" ಎಂದು ಇಟ್ಟುಕೊಂಡಿರಬೇಕು.

ಆಕೆ ಅದನ್ನು ಒಂದು ಗಳಿಗೆ ನೋಡಿದರು. "ಅಪ್ಪ ಇದನ್ನು ಪ್ರತಿ ಭಾನುವಾರ ಒರೆಸುತ್ತಿದ್ದರು" ಎಂದರು. ತಂದೆಯ ನೆನಪಿನ ವಸ್ತುವನ್ನು ಉಳಿಸಿಕೊಳ್ಳಬೇಕೆಂಬ ಅವರ ಅರ್ಜಿ ಈಗ ಸರಿಯಾದ ಬಾಗಿಲಿಗೆ ಹೋಗಿದೆ. ಸಿಗುತ್ತದೋ ಇಲ್ಲವೋ ಹೇಳಲಾಗದು. ಈ ನಡುವೆ ಅವರು ಕ್ಲಬ್ಬೊಂದರಲ್ಲಿ ಗಾಳಿ ಪಿಸ್ತೂಲಿನಿಂದ ಕಲಿಕೆ ಆರಂಭಿಸಿದ್ದಾರೆ.

ಸದಸ್ಯರಲ್ಲಿ ವಿನಂತಿ

1. ಬೀರು, ಅಟ್ಟ, ಹಳೆಯ ಪೆಟ್ಟಿಗೆಗಳನ್ನು ಈ ಮಳೆಗಾಲಕ್ಕೆ ಮೊದಲು ಒಮ್ಮೆ ಪರಿಶೀಲಿಸಿ.

2. ನಿಮ್ಮ ಪರವಾನಗಿಯಲ್ಲಿರುವ ಆಯುಧದ ತೋಟಾದ ಪೂರ್ತಿ ಹೆಸರನ್ನೂ ಚಿಪ್ಪಿನ ಉದ್ದವನ್ನೂ ಒಂದು ಚೀಟಿಯಲ್ಲಿ ಬರೆದು ಪರವಾನಗಿ ಪುಸ್ತಕದೊಳಗೆ ಇಡಿ. ನಿಮ್ಮ ನಂತರದವರಿಗೆ ಅದೇ ದಾರಿ ತೋರಿಸುತ್ತದೆ.

3. ಬೇರೆ ಬೇರೆ ಜಾತಿಯ ತೋಟಾಗಳನ್ನು ಒಂದೇ ಡಬ್ಬಿಯಲ್ಲಿ ಬೆರೆಸಬೇಡಿ. ಬಂದ ಪೆಟ್ಟಿಗೆಯಲ್ಲೇ, ಆಯುಧದಿಂದ ಬೇರೆಯಾಗಿ, ಬೀಗ ಹಾಕಿ ಇಡಿ.

4. ಗುರುತು ಸಿಗದ, ಕಿಲುಬು ಹಿಡಿದ, ಬಿರುಕು ಬಿಟ್ಟ ತೋಟಾವನ್ನು ಹೊಡೆದು ನೋಡಬೇಡಿ, ಕೀಳಬೇಡಿ, ಬೆಂಕಿಗೆ ಅಥವಾ ಕೆರೆಗೆ ಎಸೆಯಬೇಡಿ. ಠಾಣೆಗೆ ತಿಳಿಸಿ ಅವರು ಹೇಳಿದಂತೆ ಒಪ್ಪಿಸಿ, ರಸೀದಿ ಪಡೆಯಿರಿ.

5. ದಯವಿಟ್ಟು ಯಾರೂ ತೋಟಾಗಳನ್ನು ಸಂಘದ ಕಚೇರಿಗೆ ತರಬೇಡಿ. ಅನುಮಾನವಿದ್ದರೆ ಬಾಯಲ್ಲಿ ಕೇಳಿ, ತಿಳಿದಷ್ಟು ಹೇಳುತ್ತೇವೆ. ಕಚೇರಿಯ ವರ್ನಿಯರ್ ಇನ್ನು ಮುಂದೆ ಕಾಫಿ ಬೀಜ ಅಳೆಯಲು ಮಾತ್ರ.

— ಕಾರ್ಯದರ್ಶಿ